ಅಭಯಪತ್ರದ ಬೆಲೆ

ಹಳೆಯ ಕಾರಿಗೆ ಹೊಸ ವಾರಂಟಿ ಕೊಳ್ಳುವುದು ಜಾಣತನವೋ, ದುಂದುಗಾರಿಕೆಯೋ?

ಅಮೆರಿಕದಲ್ಲಿ ನೆಲೆಸಿರುವ ಯಾರನ್ನು ಬೇಕಾದರೂ ಕೇಳಿ ನೋಡಿ. ಅವರ ದೂರವಾಣಿಗೆ ಒಮ್ಮೆಯಾದರೂ ಆ ಕರೆ ಬಂದಿರುತ್ತದೆ. "ನಿಮ್ಮ ಕಾರಿನ ವಾರಂಟಿಯ ಅವಧಿ ತೀರುತ್ತಿದೆ, ಮುಂದುವರಿಸಿಕೊಳ್ಳಲು ಇದೇ ಕೊನೆಯ ಅವಕಾಶ" ಎಂದು ಅಪರಿಚಿತ ಧ್ವನಿಯೊಂದು ಬಲು ಕಳಕಳಿಯಿಂದ ಎಚ್ಚರಿಸುತ್ತದೆ. ಆ ಕಳಕಳಿ ಮನುಷ್ಯನದಲ್ಲ, ಯಂತ್ರದ್ದು. ಕರೆ ಬಂದವರಲ್ಲಿ ಕಾರೇ ಇಲ್ಲದವರೂ ಉಂಟು! ೨೦೨೧ರಲ್ಲಿ ಕೇವಲ ಮೂರು ತಿಂಗಳ ಅವಧಿಯಲ್ಲಿ ಒಂದೇ ಕೂಟದವರು ೫೦ ಕೋಟಿಗೂ ಹೆಚ್ಚಿನ ದೂರವಾಣಿ ಸಂಖ್ಯೆಗಳಿಗೆ ೫೦೦ ಕೋಟಿಗೂ ಮೀರಿ ಕರೆ ಮಾಡಿದ್ದರೆಂದು ಅಲ್ಲಿನ ಕೇಂದ್ರ ಸಂಪರ್ಕ ಆಯೋಗವು ಲೆಕ್ಕ ಕಟ್ಟಿತು. ೨೦೨೩ರ ಆಗಸ್ಟ್ ತಿಂಗಳಲ್ಲಿ ಅವರ ಮೇಲೆ ಸುಮಾರು ೩೦ ಕೋಟಿ ಡಾಲರುಗಳ ದಂಡವನ್ನು ವಿಧಿಸಿತು.

ಭಯವನ್ನು ಬಿತ್ತಿ ಹಣವನ್ನು ಕೊಯ್ಯುವ ಇಂಥವರ ಮಾತು ಹಾಗಿರಲಿ. ವಂಚಕರಿದ್ದಾರೆಂಬ ಮಾತ್ರಕ್ಕೆ ವಸ್ತುವೇ ಹುಸಿಯೆಂದು ತಳ್ಳಿಹಾಕುವುದು ಸರಿಯಲ್ಲ. ಖೋಟಾ ನಾಣ್ಯ ಚಲಾವಣೆಯಲ್ಲಿದೆಯೆಂದರೆ ನಿಜವಾದ ನಾಣ್ಯಕ್ಕೆ ಬೆಲೆಯಿದೆಯೆಂದೇ ಅರ್ಥವಲ್ಲವೇ? ಕಾರ್ಖಾನೆಯವರು ಕೊಟ್ಟ ವಾರಂಟಿ ತೀರಿದ ಮೇಲೆ, ಹಣ ಪಡೆದು, ಮುಂದಿನ ಕೆಲವು ವರ್ಷಗಳ ದುರಸ್ತಿಯ ಹೊಣೆಯನ್ನು ಹೊರುವ ಪ್ರಾಮಾಣಿಕ ಸಂಸ್ಥೆಗಳೂ ಇವೆ. ಅವುಗಳಿಂದ ಪ್ರಯೋಜನ ಪಡೆದವರೂ ಇದ್ದಾರೆ. ಹಾಗಾದರೆ ಗೃಹಸ್ಥನಾದವನು ಈ ಅಭಯಪತ್ರವನ್ನು ಕೊಳ್ಳಬೇಕೇ, ಬೇಡವೇ? ಮೇಲುನೋಟಕ್ಕೆ ಇದು ಕಾರಿನ ಪ್ರಶ್ನೆಯೆಂದು ತೋರುತ್ತದೆ. ವಿಚಾರಿಸುತ್ತ ಹೋದಂತೆ, ಇದು ಮನೆಯ ಜಮಾಖರ್ಚಿನ ಪ್ರಶ್ನೆಯೆಂದು ತಿಳಿದುಬರುತ್ತದೆ.

ಭರವಸೆ ಬೇರೆ, ಕರಾರು ಬೇರೆ

ವಾರಂಟಿಯೆಂಬುದು ಮೂಲತಃ ತಯಾರಕನು ತನ್ನ ಕೆಲಸದ ಬಗ್ಗೆ ಕೊಡುವ ಮಾತು. "ನಾನು ಮಾಡಿದ ವಸ್ತು ಇಷ್ಟು ಕಾಲ ಬಾಳುತ್ತದೆ; ಬಾಳದಿದ್ದರೆ ಸರಿಪಡಿಸಿಕೊಡುವುದು ನನ್ನ ಹೊಣೆ" ಎಂಬುದೇ ಅದರ ಸಾರ. ಈ ಮಾತು ಮೊದಲಿಗೆ ಬಹಳ ಚಿಕ್ಕದಾಗಿತ್ತು. ೧೯೫೦ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಸಾಮಾನ್ಯವಾಗಿ ದೊರೆಯುತ್ತಿದ್ದುದು ೯೦ ದಿನಗಳ ಅಥವಾ ೪,೦೦೦ ಮೈಲಿಗಳ ವಾರಂಟಿ ಮಾತ್ರ. ೧೯೬೩ರ ಮಾದರಿಯ ಕಾರುಗಳಿಗೆ ಕ್ರೈಸ್ಲರ್ ಕಂಪನಿಯು ಎಂಜಿನ್, ಗೇರ್ ಬಾಕ್ಸ್ ಮೊದಲಾದ ಮುಖ್ಯಾಂಗಗಳ ಮಟ್ಟಿಗೆ ೫ ವರ್ಷ ಅಥವಾ ೫೦,೦೦೦ ಮೈಲಿಗಳ ಹೊಣೆ ಹೊತ್ತು ಪ್ರತಿಸ್ಪರ್ಧಿಗಳನ್ನು ಬೆಚ್ಚಿಬೀಳಿಸಿತು. ೧೯೯೮ರಲ್ಲಿ ದಕ್ಷಿಣ ಕೊರಿಯದ ಹ್ಯುಂಡೈ ಕಂಪನಿಯು, ತನ್ನ ಕಾರುಗಳು ಬಾಳಿಕೆ ಬರುವುದಿಲ್ಲವೆಂದು ಅಮೆರಿಕದಲ್ಲಿ ಹಬ್ಬಿದ್ದ ಅಪಖ್ಯಾತಿಯನ್ನು ತೊಡೆದುಕೊಳ್ಳಲು, ಅದೇ ಅಂಗಗಳಿಗೆ ೧೦ ವರ್ಷ ಅಥವಾ ೧ ಲಕ್ಷ ಮೈಲಿಗಳ ವಾರಂಟಿಯನ್ನು ಘೋಷಿಸಿತು. ಆ ದೀರ್ಘ ಭರವಸೆ ಮೊದಲ ಒಡೆಯನಿಗೆ ಮಾತ್ರ. ಅದೇ ಕಾರನ್ನು ಅವನಿಂದ ಕೊಂಡವನಿಗೆ ೫ ವರ್ಷ ಅಥವಾ ೬೦,೦೦೦ ಮೈಲಿಗಳಷ್ಟೆ.

ಕಾರ್ಖಾನೆಯ ವಾರಂಟಿಯ ಬೆಲೆ ಕಾರಿನ ಬೆಲೆಯಲ್ಲಿಯೇ ಅಡಗಿದೆ. ಅದು ತೀರಿದ ಮೇಲೆ ಬೇರೆ ಹಣ ತೆತ್ತು ಕೊಳ್ಳುವುದನ್ನು ಜನ 'ವಾರಂಟಿ' ಎಂದೇ ಕರೆದರೂ, ಅಮೆರಿಕದ ೧೯೭೫ರ ಮ್ಯಾಗ್ನಸನ್-ಮಾಸ್ ವಾರಂಟಿ ಕಾಯಿದೆಯ ದೃಷ್ಟಿಯಲ್ಲಿ ಅದು ವಾರಂಟಿಯಲ್ಲ, 'ಸೇವಾ ಕರಾರು'. ಇದು ಬರಿಯ ಶಬ್ದಭೇದವಲ್ಲ. ಮಾಡಿದ ಕಾರು ಬೇಗ ಕೆಟ್ಟರೆ ತಯಾರಕನಿಗೆ ಹಣದ ಜೊತೆಗೆ ಮಾನವೂ ಹೋಗುತ್ತದೆ. ಕರಾರು ಮಾರಿದವನು ಆ ಕಾರನ್ನು ಮಾಡಿದವನಲ್ಲ. ಅದನ್ನು ಕಣ್ಣಿನಿಂದ ನೋಡಿದವನೂ ಅಲ್ಲದಿರಬಹುದು. ಕಾರು ಕೆಡದೆ ಇದ್ದರೆ ಅವನಿಗೆ ಲಾಭ. ಕೆಟ್ಟರೂ, ಕೆಟ್ಟ ಭಾಗ ಕರಾರಿನ ಹೊರಗೆ ಉಳಿದರೆ ಲಾಭವೇ.

ತಕ್ಕಡಿಯ ಲೆಕ್ಕ

ಕೊಂಡವರ ಅನುಭವ ಏನು ಹೇಳುತ್ತದೆ? ಜಾಹೀರಾತುಗಳನ್ನೇ ಸ್ವೀಕರಿಸದ 'ಕನ್ಸ್ಯೂಮರ್ ರಿಪೋರ್ಟ್ಸ್' ಎಂಬ ಅಮೆರಿಕದ ಗ್ರಾಹಕ ಪತ್ರಿಕೆ ೨೦೧೪ರಲ್ಲಿ ಒಂದು ಸಮೀಕ್ಷೆಯ ಫಲವನ್ನು ಪ್ರಕಟಿಸಿತು. ಇಂಥ ಕರಾರು ಕೊಂಡವರಲ್ಲಿ ನೂರಕ್ಕೆ ೫೫ ಮಂದಿ ಅದರ ಅವಧಿ ಮುಗಿಯುವವರೆಗೂ ಒಂದು ದುರಸ್ತಿಗೂ ಅದನ್ನು ಬಳಸಿರಲಿಲ್ಲ. ಕೊಂಡವರು ತೆತ್ತ ಬೆಲೆ, ನಡುಮಟ್ಟದ ಲೆಕ್ಕದಲ್ಲಿ, ೧,೨೦೦ ಡಾಲರಿಗಿಂತ ತುಸು ಹೆಚ್ಚು. ಬಳಸಿಕೊಂಡವರ ಪಾಡೂ ಹೆಚ್ಚು ಉತ್ತಮವಾಗಿರಲಿಲ್ಲ: ದುರಸ್ತಿಯಲ್ಲಿ ಅವರಿಗೆ ಉಳಿದ ಹಣ ಅದೇ ಲೆಕ್ಕದಲ್ಲಿ ೮೩೭ ಡಾಲರ್. ಅಂದರೆ ಕಾರು ಕೆಟ್ಟವರೂ ಸಾಮಾನ್ಯವಾಗಿ ಕೊಟ್ಟಷ್ಟನ್ನು ಮರಳಿ ಪಡೆಯಲಿಲ್ಲ.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಕೊಳ್ಳುವವನು ಕೊಡುವ ಹಣದಲ್ಲಿ ದುರಸ್ತಿಗೆ ಮೀಸಲಾಗುವುದು ಒಂದು ಪಾಲು. ಮಾರಿದ ಡೀಲರನ ಲಾಭ, ದಳ್ಳಾಳಿಯ ಕಮಿಷನ್, ಜಾಹೀರಾತು, ಕಚೇರಿಯ ವೆಚ್ಚ ಇವೆಲ್ಲ ಉಳಿದ ಪಾಲನ್ನು ತಿನ್ನುತ್ತವೆ. ಇದರ ಮೇಲೆ ಇನ್ನೊಂದು ಗುಟ್ಟಿದೆ. ಅದನ್ನು ಬಯಲು ಮಾಡಿದವರು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್. ಅಲ್ಲಿಯ ಆಡುಮಾತಿನಲ್ಲಿ ಮೇಲೆ ಥಳಕು, ಒಳಗೆ ಹುಳುಕು ಎಂಬಂಥ ಕಾರಿಗೆ 'ಲೆಮನ್', ಎಂದರೆ ನಿಂಬೆಹಣ್ಣು, ಎಂಬ ಹೆಸರುಂಟು. ೧೯೭೦ರಲ್ಲಿ ಅಕರ್ಲಾಫ್ ಈ 'ನಿಂಬೆಹಣ್ಣು'ಗಳ ಮಾರುಕಟ್ಟೆಯನ್ನು ಕುರಿತು ಒಂದು ಲೇಖನ ಪ್ರಕಟಿಸಿದರು. ಮೂರು ಪತ್ರಿಕೆಗಳು ಹಿಂದಕ್ಕೆ ಕಳುಹಿಸಿದ ಮೇಲೆ ನಾಲ್ಕನೆಯದು ಅಚ್ಚುಮಾಡಿದ ಲೇಖನ ಅದು. ಮುಂದೆ ೨೦೦೧ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವನ್ನು ತಂದುಕೊಟ್ಟ ವಿಚಾರಧಾರೆಗೆ ಅದೇ ಮೂಲ.

ಅವರ ವಾದದ ತಿರುಳು ಸರಳವಾದುದು. ಹಳೆಯ ಕಾರಿನ ಗುಣದೋಷ ಅದನ್ನು ಓಡಿಸಿದವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಕೊಳ್ಳುವವನು ಪ್ರತಿಯೊಂದು ಕಾರನ್ನೂ ಸಂಶಯದಿಂದಲೇ ನೋಡಿ ಕಡಿಮೆ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲೊಲ್ಲ. ಸಂತೆಗೆ ಹುಳುಕಿನ ಸರಕೇ ಹೆಚ್ಚು ಬರುತ್ತದೆ. ಕರಾರಿನ ವ್ಯಾಪಾರದಲ್ಲಿ ಇದೇ ನಾಟಕ ಪಾತ್ರ ಬದಲಿಸಿಕೊಂಡು ನಡೆಯುತ್ತದೆ. ಇಲ್ಲಿ ಕಾರಿನ ಗುಟ್ಟು ಬಲ್ಲವನು ಕೊಳ್ಳುವವನು, ಸಂಶಯಪಡುವವನು ಮಾರುವವನು. ಎಂಜಿನ್ನಿನಲ್ಲಿ ಅಪಸ್ವರ ಕೇಳಿದವನೇ ಕರಾರಿಗಾಗಿ ಮೊದಲು ಓಡಿಬರುತ್ತಾನೆಂದು ಕಂಪನಿಗೆ ಗೊತ್ತು. ಆದ್ದರಿಂದ ಅದು ಬೆಲೆಯನ್ನು ಏರಿಸುತ್ತದೆ, ಷರತ್ತುಗಳನ್ನು ಬಿಗಿಯುತ್ತದೆ. ಕಾಲಕಾಲಕ್ಕೆ ಎಣ್ಣೆ ಬದಲಿಸಿ, ಕಾರನ್ನು ಮಗುವಿನಂತೆ ನೋಡಿಕೊಂಡ ಸಂಭಾವಿತನು, ನೋಡಿಕೊಳ್ಳದವರ ಪಾಪದಲ್ಲಿಯೂ ಪಾಲುಗಾರನಾಗಿ ಹಣ ತೆರಬೇಕಾಗುತ್ತದೆ.

ಸಣ್ಣ ಅಕ್ಷರಗಳ ಸೀಮೆ

ಕರಾರಿನ ಮುಖಪುಟದಲ್ಲಿ ಏನು ಬರೆದಿದೆಯೆಂಬುದಕ್ಕಿಂತ, ಹಿಂದಿನ ಪುಟಗಳ ಸಣ್ಣ ಅಕ್ಷರಗಳಲ್ಲಿ ಏನನ್ನು ಕೈಬಿಟ್ಟಿದೆಯೆಂಬುದೇ ಮುಖ್ಯ. ಕರಾರುಗಳಲ್ಲಿ ಎರಡು ಜಾತಿ. ಒಂದರಲ್ಲಿ ರಕ್ಷಣೆಯಿರುವ ಭಾಗಗಳ ಪಟ್ಟಿಯಿರುತ್ತದೆ. ಪಟ್ಟಿಯಲ್ಲಿ ಇಲ್ಲದ್ದಕ್ಕೆ ಏನೂ ಸಿಗದು. ಇನ್ನೊಂದರಲ್ಲಿ ರಕ್ಷಣೆಯಿಲ್ಲದ ಭಾಗಗಳ ಪಟ್ಟಿ, ಉಳಿದವೆಲ್ಲ ಒಳಗೆ. ಎರಡನೆಯದು ಮೇಲು, ಆದರೆ ದುಬಾರಿ. ಎರಡರಲ್ಲಿಯೂ ಟಯರು, ಬ್ರೇಕ್ ಪ್ಯಾಡ್, ಕ್ಲಚ್ ಪ್ಲೇಟು, ವೈಪರ್ ಮುಂತಾಗಿ ಸವೆಯುವುದೇ ಸ್ವಭಾವವಾದ ಭಾಗಗಳು ಸಾಮಾನ್ಯವಾಗಿ ಹೊರಗೇ. ಕರಾರಿಗೆ ಮುಂಚೆಯೇ ಇದ್ದ ದೋಷವೂ ಹೊರಗೆ.

ತಕರಾರು ಹುಟ್ಟುವುದು ಈ ಗಡಿಗೆರೆಯ ಮೇಲೆಯೇ. ಒಂದು ಉದಾಹರಣೆ ನೋಡಿ. ರೇಡಿಯೇಟರಿನ ರಬ್ಬರ್ ಕೊಳವೆ ಬಿರಿದು ನೀರು ಸೋರುತ್ತದೆ. ಕೊಳವೆಯ ಬೆಲೆ ಅಲ್ಪ; ಅದು ಕರಾರಿನ ಹೊರಗೆ. ಚಾಲಕನು ಎಚ್ಚರಿಕೆಯ ದೀಪವನ್ನು ಗಮನಿಸದೆ ಇನ್ನೂ ಹತ್ತು ಮೈಲಿ ಓಡಿಸುತ್ತಾನೆ. ಎಂಜಿನ್ ಕಾದು ಸಿಲಿಂಡರಿನ ತಲೆಭಾಗ ಸೊಟ್ಟಗಾಗುತ್ತದೆ. ಎಂಜಿನ್ ಕರಾರಿನ ಒಳಗೇ ಇದೆ. ಆದರೂ, "ಕಾದ ಎಂಜಿನ್ನನ್ನು ಓಡಿಸಿದ್ದು ಒಡೆಯನ ಅಲಕ್ಷ್ಯ, ಮೂಲಕಾರಣವಾದ ಕೊಳವೆ ಕರಾರಿಗೆ ಸೇರದ ಭಾಗ" ಎಂದು ಕಂಪನಿ ಕೈತೊಳೆದುಕೊಳ್ಳಬಹುದು. ಟೈಮಿಂಗ್ ಬೆಲ್ಟಿನ ಕಥೆಯೂ ಹಾಗೆಯೇ. ಹೇಳಿದ ಮೈಲಿಗೆ ಬೆಲ್ಟು ಬದಲಿಸದೆ ಅದು ತುಂಡಾದರೆ, ಎಷ್ಟೋ ಎಂಜಿನ್ನುಗಳಲ್ಲಿ ಪಿಸ್ಟನ್ನು ವಾಲ್ವುಗಳಿಗೆ ಬಡಿದು ಅವು ಬಾಗುತ್ತವೆ. ಆಗ ಕಂಪನಿ ಮೊದಲು ಕೇಳುವುದು ಬೆಲ್ಟು ಬದಲಿಸಿದ ರಸೀದಿಯನ್ನು. ರಸೀದಿ ಇಲ್ಲದವನಿಗೆ ಕರಾರೂ ಇಲ್ಲದಂತೆಯೇ.

ಇನ್ನೂ ಕೆಲವು ಷರತ್ತುಗಳುಂಟು. ದುರಸ್ತಿಗೆ ಕೈಹಚ್ಚುವ ಮೊದಲು ಕಂಪನಿಯ ಒಪ್ಪಿಗೆ ಪಡೆಯಬೇಕು. ದೋಷ ಪತ್ತೆಮಾಡಲು ಎಂಜಿನ್ ಬಿಚ್ಚಬೇಕಾದರೆ, ಆ ದೋಷ ಕರಾರಿಗೆ ಸೇರದೆಂದು ತೀರ್ಮಾನವಾದಲ್ಲಿ, ಬಿಚ್ಚಿದ ಕೂಲಿ ಒಡೆಯನ ತಲೆಯ ಮೇಲೆ. ಪ್ರತಿ ದುರಸ್ತಿಯಲ್ಲೂ ಮೊದಲ ಇಷ್ಟು ಡಾಲರುಗಳನ್ನು ಒಡೆಯನೇ ಕೊಡಬೇಕೆಂಬ ನಿಯಮ ಬಹಳ ಕಡೆ ಉಂಟು. ಕರಾರಾದ ಮೊದಲ ಕೆಲವು ವಾರಗಳಲ್ಲಿ ಕೆಟ್ಟರೆ ಏನನ್ನೂ ಕೊಡುವುದಿಲ್ಲವೆಂಬ ನಿಯಮವೂ ಅನೇಕ ಕರಾರುಗಳಲ್ಲಿದೆ.

ಇದ್ದದ್ದನ್ನೇ ಮತ್ತೆ ಕೊಳ್ಳುವುದು

ಎಷ್ಟೋ ಜನ ತಮಗೆ ಈಗಾಗಲೇ ಇರುವ ರಕ್ಷಣೆಯನ್ನೇ ಎರಡನೆಯ ಸಲ ಕೊಳ್ಳುತ್ತಾರೆ. ಹೊಸ ಕಾರಿನ ಜೊತೆಯಲ್ಲಿಯೇ ಇಂಥ ಕರಾರು ಕೊಂಡರೆ ಮೊದಲ ಕೆಲವು ವರ್ಷಗಳು ಕಾರ್ಖಾನೆಯ ವಾರಂಟಿಯ ನೆರಳಿನಲ್ಲಿಯೇ ಕಳೆದುಹೋಗುತ್ತವೆ. ಅಮೆರಿಕದ ಕೇಂದ್ರ ಕಾನೂನಿನ ಪ್ರಕಾರ, ಹೊಗೆಯನ್ನು ಶುದ್ಧಿಗೊಳಿಸುವ ಕೆಟಲಿಟಿಕ್ ಕನ್ವರ್ಟರ್ ಮತ್ತು ಎಂಜಿನ್ನನ್ನು ಆಳುವ ಮುಖ್ಯ ಗಣಕಕ್ಕೆ ೮ ವರ್ಷ ಅಥವಾ ೮೦,೦೦೦ ಮೈಲಿಗಳ ವಾರಂಟಿ ಇದ್ದೇ ಇದೆ. ಸುರಕ್ಷತೆಗೆ ಧಕ್ಕೆ ತರುವ ದೋಷವೆಂದು ತಯಾರಕರು ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಾಗ, ವಾರಂಟಿ ತೀರಿದ್ದರೂ ಆ ದುರಸ್ತಿ ಉಚಿತ.

ಇನ್ನೊಂದು ಹುಸಿ ಭಯವನ್ನೂ ನಿವಾರಿಸಿಕೊಳ್ಳಬೇಕು. "ಹೊರಗಿನ ಗ್ಯಾರೇಜಿನಲ್ಲಿ ಎಣ್ಣೆ ಬದಲಿಸಿದರೆ ಕಂಪನಿಯ ವಾರಂಟಿ ರದ್ದಾಗುತ್ತದೆ" ಎಂದು ಹೆದರಿಸುವವರುಂಟು. ೧೯೭೫ರ ಕಾಯಿದೆ ಇದಕ್ಕೆ ಎಡೆಗೊಡುವುದಿಲ್ಲ. ಕೆಲಸ ಸರಿಯಾಗಿ ನಡೆದಿದ್ದರೆ, ಎಲ್ಲಿ ನಡೆಯಿತೆಂಬ ಒಂದೇ ಕಾರಣಕ್ಕೆ ತಯಾರಕನು ತನ್ನ ವಾರಂಟಿಯನ್ನು ನಿರಾಕರಿಸುವಂತಿಲ್ಲ. ರಸೀದಿಗಳನ್ನು ಜೋಪಾನ ಮಾಡಿದರೆ ಸಾಕು.

ಕಾಗದದ ಹಿಂದೆ ಯಾರಿದ್ದಾರೆ?

ಅಭಯಪತ್ರದ ಬಲ ಅದನ್ನು ಕೊಟ್ಟವನ ಬಲವನ್ನು ಮೀರಲಾರದು. ಕರಾರಿನ ಹಿಂದೆ ಬಹುಮಟ್ಟಿಗೆ ಮೂವರಿರುತ್ತಾರೆ: ಮಾರುವವನೊಬ್ಬ, ಕ್ಲೇಮುಗಳನ್ನು ಪರಿಶೀಲಿಸುವವನೊಬ್ಬ, ಕೊನೆಗೆ ಹಣ ತೆರುವ ವಿಮಾ ಕಂಪನಿಯೊಂದು. ಮಾರಿದವನ ಮುಗುಳ್ನಗೆಯನ್ನು ನೋಡಿ ಕೊಂಡವನು, ಕಾರು ಕೆಟ್ಟ ದಿನ ಹಿಂದೆಂದೂ ಹೆಸರು ಕೇಳದ ಇನ್ನೊಬ್ಬನ ಬಾಗಿಲು ತಟ್ಟಬೇಕಾಗುತ್ತದೆ.

ಮಿಸೌರಿ ರಾಜ್ಯದ ಯು.ಎಸ್. ಫಿಡೆಲಿಸ್ ಎಂಬ ಸಂಸ್ಥೆ ಒಂದು ಕಾಲಕ್ಕೆ ಈ ವ್ಯಾಪಾರದ ದೊಡ್ಡ ಹೆಸರುಗಳಲ್ಲಿ ಒಂದಾಗಿತ್ತು. ೨೦೧೦ರಲ್ಲಿ ಅದು ದಿವಾಳಿಯೆದ್ದಿತು; ಅದರ ಒಡೆಯರಾದ ಇಬ್ಬರು ಸಹೋದರರು ೨೦೧೨ರಲ್ಲಿ ನ್ಯಾಯಾಲಯದ ಮುಂದೆ ತಪ್ಪನ್ನು ಒಪ್ಪಿಕೊಂಡು ಸೆರೆಮನೆ ಸೇರಿದರು. ಪ್ರಸಿದ್ಧ ನಟರ ಮುಖ ತೋರಿಸಿ ದೂರದರ್ಶನದಲ್ಲಿ ಜಾಹೀರಾತು ನೀಡುತ್ತಿದ್ದ ಕಾರ್‌ಶೀಲ್ಡ್ ಎಂಬ ಸಂಸ್ಥೆಯ ಮೇಲೆ, ದೊರೆಯದ ರಕ್ಷಣೆಯನ್ನು ದೊರೆಯುತ್ತದೆಂದು ಹೇಳಿ ಜನರನ್ನು ದಾರಿತಪ್ಪಿಸಿದ ಆರೋಪವನ್ನು ಕೇಂದ್ರ ವ್ಯಾಪಾರ ಆಯೋಗವು ಹೊರಿಸಿತು. ಅದನ್ನು ಇತ್ಯರ್ಥಪಡಿಸಿಕೊಳ್ಳಲು ೨೦೨೪ರ ಜುಲೈನಲ್ಲಿ ಸಂಸ್ಥೆಯು ೧ ಕೋಟಿ ಡಾಲರ್ ತೆರಲು ಒಪ್ಪಿತು. ಆದಕಾರಣ ಸಹಿ ಹಾಕುವ ಮೊದಲು ಕೇಳಬೇಕಾದ ಪ್ರಶ್ನೆ: "ನೀವು ನಾಳೆ ಅಂಗಡಿ ಮುಚ್ಚಿದರೆ ನನ್ನ ಗೇರ್ ಬಾಕ್ಸಿಗೆ ಹಣ ಕೊಡುವವರು ಯಾರು? ಅದು ಈ ಕಾಗದದಲ್ಲಿ ಎಲ್ಲಿ ಬರೆದಿದೆ?"

ಯಾರಿಗೆ ಬೇಕು, ಯಾರಿಗೆ ಬೇಡ

ಇಷ್ಟೆಲ್ಲ ತಿಳಿದ ಮೇಲೆ, "ಬೇಡವೇ ಬೇಡ" ಎಂದು ತೀರ್ಪು ಕೊಡುವುದು ಸುಲಭ. ಆದರೆ ಮನೆ ಸುಡಲಿಲ್ಲವೆಂದು ಬೆಂಕಿವಿಮೆಗೆ ಕೊಟ್ಟ ಹಣಕ್ಕಾಗಿ ಯಾರೂ ಮರುಗುವುದಿಲ್ಲ. ವಿಮೆಯ ಸಾರ್ಥಕ್ಯ ಲಾಭದಲ್ಲಿಲ್ಲ. ಹೊರಲಾರದ ಹೊರೆಯನ್ನು ಹಂಚಿಕೊಳ್ಳುವುದರಲ್ಲಿದೆ. ಆದ್ದರಿಂದ ಕೇಳಿಕೊಳ್ಳಬೇಕಾದುದು "ನನ್ನ ಕಾರು ಕೆಡುತ್ತದೆಯೇ?" ಎಂಬುದನ್ನಲ್ಲ, ಹಳೆಯ ಕಾರು ಎಂದಾದರೊಂದು ದಿನ ಕೆಟ್ಟೇ ಕೆಡುತ್ತದೆ. "ಕೆಟ್ಟ ದಿನ ನನ್ನ ಮನೆ ತಡೆದುಕೊಳ್ಳುತ್ತದೆಯೇ?" ಎಂಬುದೇ ಸರಿಯಾದ ಪ್ರಶ್ನೆ.

ಕರ್ನಾಟಕದಿಂದ ಉದ್ಯೋಗಕ್ಕಾಗಿ ಟೆಕ್ಸಾಸಿಗೆ ಹೋಗಿ ನೆಲೆಸಿದ ಇಬ್ಬರು ಗೃಹಸ್ಥರನ್ನು ಕಲ್ಪಿಸಿಕೊಳ್ಳಿ. ಇಬ್ಬರೂ ಒಂದೇ ಬಗೆಯ ಹಳೆಯ ಕಾರು ಕೊಂಡಿದ್ದಾರೆ. ಇಬ್ಬರಿಗೂ ೩ ವರ್ಷಗಳ ಕರಾರಿಗೆ ೩,೦೦೦ ಡಾಲರ್ ಕೇಳಿದ್ದಾರೆ. ಮೊದಲನೆಯವನ ಬ್ಯಾಂಕಿನಲ್ಲಿ ಹತ್ತು ಸಾವಿರ ಡಾಲರ್ ಇದೆ. ಅವನು ತಿಂಗಳಿಗೆ ೮೩ ಡಾಲರಿನಂತೆ ಪ್ರತ್ಯೇಕವಾಗಿ ತೆಗೆದಿಡುತ್ತ ಹೋದರೆ ಮೂರು ವರ್ಷಕ್ಕೆ ಅಷ್ಟೇ ಮೊತ್ತ ಕೂಡುತ್ತದೆ. ಕಾರು ಕೆಡದಿದ್ದರೆ ಹಣ ಅವನದೇ. ಕೆಟ್ಟರೆ ಯಾರ ಒಪ್ಪಿಗೆಗೂ ಕಾಯದೆ, ತನಗೆ ನಂಬಿಕೆಯಿರುವ ಮೆಕ್ಯಾನಿಕ್ಕಿನ ಬಳಿ ದುರಸ್ತಿ ಮಾಡಿಸಬಹುದು. ನಡುವೆ ದೊಡ್ಡ ದುರಸ್ತಿ ಬಂದರೂ ಬ್ಯಾಂಕಿನ ಹಣದ ಆಸರೆಯಿದೆ. ತನಗೆ ತಾನೇ ವಾರಂಟಿ ಕೊಟ್ಟುಕೊಳ್ಳಬಲ್ಲವನಿಗೆ ಹೊರಗಿನವರ ಹಂಗೇಕೆ?

ಎರಡನೆಯವನು ಈಗಷ್ಟೇ ಹೋದವನು. ಊರಿನಲ್ಲಿ ತಂಗಿಯ ಮದುವೆಯ ಸಾಲವಿದೆ. ಕೈಯಲ್ಲಿ ಐನೂರು ಡಾಲರ್ ಉಳಿದಿಲ್ಲ. ಕೆಲಸದ ಸ್ಥಳ ೩೦ ಮೈಲಿ ದೂರ, ಆ ದಾರಿಗೆ ಬಸ್ಸಿಲ್ಲ. ಮೂರನೆಯ ತಿಂಗಳಲ್ಲಿಯೇ ಗೇರ್ ಬಾಕ್ಸ್ ಕೈಕೊಟ್ಟು ನಾಲ್ಕೈದು ಸಾವಿರದ ಬಿಲ್ಲು ಬಂದರೆ ಅವನು ಕಳೆದುಕೊಳ್ಳುವುದು ಕಾರನ್ನು ಮಾತ್ರವಲ್ಲ, ಕೆಲಸವನ್ನೂ. ಇಂಥವನಿಗೆ ಕರಾರು ದುಂದಲ್ಲ. ಆದರೆ ವಿಪರ್ಯಾಸವನ್ನು ನೋಡಿ: ಯಾರಿಗೆ ಅಭಯದ ಅಗತ್ಯ ಹೆಚ್ಚೋ ಅವರ ಭಯವೂ ಹೆಚ್ಚು, ಭಯ ಹೆಚ್ಚಿದಷ್ಟೂ ಓದದೆ ಸಹಿ ಹಾಕುವ ಆತುರವೂ ಹೆಚ್ಚು. ಕೈಯಲ್ಲಿ ಹಣವಿಲ್ಲದ ಕಾರಣ ಕರಾರಿನ ಬೆಲೆಯನ್ನೂ ಕಾರಿನ ಸಾಲದೊಳಗೆ ಸೇರಿಸಿ, ಅದಕ್ಕೂ ವರ್ಷಗಟ್ಟಲೆ ಬಡ್ಡಿ ಕಟ್ಟುತ್ತಾನೆ.

ಅವನಿಗೆ ಹಿತವಚನ ಹೇಳುವುದಾದರೆ ಹೀಗೆ ಹೇಳಬಹುದು. ಕಾರು ಕೊಳ್ಳುವ ಮೊದಲೇ ಮಾರುವವನಿಗೆ ಸಂಬಂಧಪಡದ ಮೆಕ್ಯಾನಿಕ್ಕಿಗೆ ತೋರಿಸಿ, ತಪಾಸಣೆಗೆ ಕೊಟ್ಟ ಹಣ ಯಾವ ಕರಾರಿಗಿಂತಲೂ ಮೇಲೆಂದು ತಿಳಿಯಬೇಕು. ಸಾಧ್ಯವಾದಲ್ಲಿ ಕಾರಿನ ತಯಾರಕರೇ ಬೆಂಬಲಿಸುವ ಕರಾರನ್ನು ಆರಿಸಬೇಕು. ಹೇಳಿದ ಬೆಲೆಗೆ ತಲೆಯಾಡಿಸಬಾರದು. ಅದರಲ್ಲಿ ಚೌಕಾಸಿಗೆ ಎಡೆಯುಂಟು. ಮಾದರಿ ಕರಾರನ್ನು ಮನೆಗೆ ತಂದು ರಾತ್ರಿ ಓದಬೇಕು; ಓದಲು ಕೊಡೆನೆನ್ನುವವನಿಂದ ಕೊಳ್ಳಬಾರದು. ಮನಸ್ಸು ಬದಲಾದರೆ ಎಷ್ಟು ದಿನಗಳೊಳಗೆ ರದ್ದುಮಾಡಿ ಹಣ ಮರಳಿ ಪಡೆಯಬಹುದೆಂಬುದನ್ನು ಗುರುತು ಹಾಕಿಕೊಳ್ಳಬೇಕು.

ಭಾರತದಲ್ಲಿ

ಅಮೆರಿಕದಷ್ಟು ಹಬ್ಬದಿದ್ದರೂ ಈ ವ್ಯಾಪಾರ ಭಾರತದಲ್ಲಿಯೂ ಬೇರೂರಿದೆ. ಇಲ್ಲಿ ಬಹುತೇಕ ತಯಾರಕರೇ ಹಣ ಪಡೆದು ವಾರಂಟಿಯನ್ನು ವಿಸ್ತರಿಸುತ್ತಾರೆ. ಹಳೆಯ ಕಾರು ಮಾರುವ ಸಂಸ್ಥೆಗಳೂ ತಮ್ಮ ವಾರಂಟಿಯನ್ನು ಜೋಡಿಸುತ್ತವೆ. ಕೊಳ್ಳುವ ಮುನ್ನ ಕಾರ್ಖಾನೆಯ ಮೂಲ ವಾರಂಟಿ ಎಷ್ಟೆಂಬುದನ್ನು ನೋಡಿಕೊಳ್ಳಬೇಕು. ೨ ವರ್ಷ ಅಥವಾ ೪೦,೦೦೦ ಕಿಲೋಮೀಟರುಗಳಿಗಿದ್ದ ತನ್ನ ವಾರಂಟಿಯನ್ನು ಮಾರುತಿ ಸುಜುಕಿ ಕಂಪನಿಯು ೨೦೨೪ರ ಜುಲೈನಲ್ಲಿ ೩ ವರ್ಷ ಅಥವಾ ೧ ಲಕ್ಷ ಕಿಲೋಮೀಟರುಗಳಿಗೆ ಏರಿಸಿತು. ಅಂದರೆ ಹಣ ಕೊಟ್ಟು ಕೊಳ್ಳುವ ವಿಸ್ತರಣೆಯ ಪ್ರಯೋಜನ ಆರಂಭವಾಗುವುದೇ ಅದು ತೀರಿದ ಮೇಲೆ.

ಇಲ್ಲಿ ಹೆಚ್ಚಾಗಿ ಕಾಣುವುದು ವಿಮೆಗೂ ವಾರಂಟಿಗೂ ಇರುವ ಅಂತರವನ್ನು ಅರಿಯದ ಗೊಂದಲ. ಸಾಮಾನ್ಯ ವಾಹನವಿಮೆಯು ಅಪಘಾತ, ಕಳವು, ಬೆಂಕಿ, ನೆರೆ ಇವುಗಳ ನಷ್ಟವನ್ನು ಭರಿಸುತ್ತದೆ. ಸವೆತವನ್ನಾಗಲಿ, ತಾನಾಗಿ ಕೆಟ್ಟ ಯಂತ್ರವನ್ನಾಗಲಿ ಭರಿಸದು. ವಾರಂಟಿಯ ರೀತಿ ಇದಕ್ಕೆ ವಿರುದ್ಧ. ೨೦೨೨ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳು ಜಲಾವೃತವಾಗಿ ಕಾರುಗಳು ಮುಳುಗಿದಾಗ, ವಿಸ್ತರಿಸಿದ ವಾರಂಟಿ ನೆರವಿಗೆ ಬರುವ ಸಂದರ್ಭ ಅದಾಗಿರಲಿಲ್ಲ. ನೀರು ಹೊಕ್ಕ ಎಂಜಿನ್ನಿಗೆ ಬೇಕಾದುದು ವಿಮೆಯ ಜೊತೆ ಹೆಚ್ಚುವರಿ ಹಣ ತೆತ್ತು ಪಡೆಯುವ ಎಂಜಿನ್ ರಕ್ಷಣೆ. ತಗ್ಗಿನ ಬಡಾವಣೆಯಲ್ಲಿ ಮನೆಯಿರುವವನು ಯಾವ ಅಭಯವನ್ನು ಮೊದಲು ಕೊಳ್ಳಬೇಕೆಂಬುದನ್ನು ತನ್ನ ಬೀದಿಯನ್ನು ನೋಡಿಯೇ ತೀರ್ಮಾನಿಸಬಹುದು. ನ್ಯಾಯವಾಗಿ ಸಲ್ಲಬೇಕಾದ ದುರಸ್ತಿಯನ್ನು ನಿರಾಕರಿಸಿದರೆ, ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿಂದ ಸಲಹೆ ಪಡೆಯಬಹುದು.

ಅಮೆರಿಕವಾಗಲಿ, ಕರ್ನಾಟಕವಾಗಲಿ, ಹಾಸಿಗೆಯಿದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ. ಒಂದು ದೊಡ್ಡ ದುರಸ್ತಿಯನ್ನು ತಡೆದುಕೊಳ್ಳಬಲ್ಲವನು ಆ ಹಣವನ್ನು ತನ್ನ ಪೆಟ್ಟಿಗೆಯಲ್ಲಿಯೇ ಇಟ್ಟುಕೊಳ್ಳಲಿ. ತಡೆದುಕೊಳ್ಳಲಾರದವನು ಕರಾರನ್ನು ಕೊಳ್ಳಲಿ. ಆದರೆ ಕೊನೆಯ ಪುಟದ ಕೊನೆಯ ಸಾಲಿನವರೆಗೆ ಓದಿ ಕೊಳ್ಳಲಿ. ಇಬ್ಬರೂ ಎಂಜಿನ್ನಿನ ಎಣ್ಣೆಯನ್ನು ಮಾತ್ರ ಹೊತ್ತಿಗೆ ಸರಿಯಾಗಿ ಬದಲಿಸುತ್ತಿರಲಿ. ಅದಕ್ಕಿಂತ ಅಗ್ಗವಾದ ಅಭಯಪತ್ರವನ್ನು ಯಾವ ಕಂಪನಿಯೂ ಇದುವರೆಗೆ ಅಚ್ಚುಹಾಕಿಲ್ಲ.